ಬಜ್ಜಿ ತಿಂದ ಮೇಲೆ ಬಿಸಿನೀರು ಕುಡಿದರೆ ಎಣ್ಣೆ ಕರಗುತ್ತದೆಯೇ?

ಮಳೆ ಹಿಡಿದರೆ ಸಾಕು, ಬಜ್ಜಿ-ಬೋಂಡಾ ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಈ ಸಂದೇಶವೂ ಬರುತ್ತದೆ: ಕರಿದ ತಿಂಡಿ ತಿಂದ ಮೇಲೆ ಒಂದು ಲೋಟ ಬಿಸಿನೀರು ಕುಡಿಯಿರಿ, ಎಣ್ಣೆಯೆಲ್ಲ ಕರಗಿ ಹೋಗುತ್ತದೆ. ಓದಲು ಹಿತವಾಗಿದೆ, ಆದರೆ ನಿಜವಲ್ಲ.

ನೀರು ಎಷ್ಟೇ ಬಿಸಿಯಿರಲಿ, ಎಣ್ಣೆ ಅದರಲ್ಲಿ ಕರಗುವುದಿಲ್ಲ. ಜಿಡ್ಡಿನ ಪಾತ್ರೆಗೆ ಬಿಸಿನೀರು ಹಾಕುವ ರೂಢಿಯಿಂದ ಈ ನಂಬಿಕೆ ಹುಟ್ಟಿರಬಹುದು. ಹೊಟ್ಟೆ ಸೇರಿದ ನೀರಂತೂ ಸ್ವಲ್ಪ ಹೊತ್ತಿನಲ್ಲೇ ಮೈಯ ಬಿಸಿಗೆ ಇಳಿಯುತ್ತದೆ. ಕೊಬ್ಬು ಜೀರ್ಣವಾಗುವುದು ಸಣ್ಣ ಕರುಳಿನಲ್ಲಿ, ಪಿತ್ತರಸ ಮತ್ತು ಮೇದೋಜೀರಕ ಗ್ರಂಥಿಯ ಕಿಣ್ವಗಳಿಂದ. ಜೀರ್ಣವಾಯಿತೆಂದರೆ ಹೊರಗೆ ಹೋಯಿತೆಂದಲ್ಲ, ದೇಹಕ್ಕೆ ಸೇರಿತೆಂದು ಅರ್ಥ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಬಿಸಿನೀರು ಕುಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹೃದಯದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರುವ ಹಿರಿಯರು ಇದನ್ನು ನಂಬಿ ಧೈರ್ಯವಾಗಿ ಇನ್ನೆರಡು ಬಜ್ಜಿ ತಿಂದರೆ ಎಂಬುದೇ ನಮ್ಮ ಆತಂಕ.

ಹಾಗಂತ ‘ಬಜ್ಜಿ ವಿಷ’ ಎನ್ನುವ ಇನ್ನೊಂದು ಸಂದೇಶವನ್ನೂ ನಾವು ಒಪ್ಪುವುದಿಲ್ಲ. ಕಡಲೆಹಿಟ್ಟಿನಲ್ಲಿ ಪ್ರೋಟೀನ್ ಇದೆ, ಒಳಗಿರುವುದು ಹೀರೇಕಾಯಿಯೋ ಈರುಳ್ಳಿಯೋ. ನೋಡಬೇಕಾದದ್ದು ಎಣ್ಣೆಯ ಲೆಕ್ಕ. 2,000 ಕ್ಯಾಲೊರಿಯ ಆಹಾರದಲ್ಲಿ ದಿನಕ್ಕೆ ಎಣ್ಣೆ-ತುಪ್ಪ ಸುಮಾರು 27 ಗ್ರಾಂ ಇರಲಿ ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಬೆಳಗಿನ ದೋಸೆ, ಮಧ್ಯಾಹ್ನದ ಒಗ್ಗರಣೆ ಎಲ್ಲವೂ ಇದರೊಳಗೇ. ಸಂಜೆ ಮಂಡಕ್ಕಿ-ಮಿರ್ಚಿ ಆಯಿತೆಂದರೆ ರಾತ್ರಿಗೆ ಪೂರಿ ಬೇಡ, ಮುದ್ದೆ-ಸೊಪ್ಪಿನ ಸಾರು ಸಾಕು. ಹಿಟ್ಟಿಗೆ ಸೋಡಾ ಹೆಚ್ಚಾದರೆ, ಎಣ್ಣೆ ಸರಿಯಾಗಿ ಕಾಯದಿದ್ದರೆ ಬಜ್ಜಿ ಹೆಚ್ಚು ಎಣ್ಣೆ ಕುಡಿಯುತ್ತದೆ. ಇದು ಅಡುಗೆ ಮಾಡುವವರಿಗೆ ಹೊಸದೇನಲ್ಲ.

ನಿಜವಾಗಿ ಹೆದರಬೇಕಾದದ್ದು ಮತ್ತೆ ಮತ್ತೆ ಕಾಯಿಸಿದ ಎಣ್ಣೆಗೆ. ಪ್ರತಿ ಸಲ ಕಾದಾಗಲೂ ಎಣ್ಣೆ ಒಡೆದು ‘ಪೋಲಾರ್ ಸಂಯುಕ್ತ’ಗಳು ಹೆಚ್ಚುತ್ತವೆ. ಇವು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವ ಉಪಕರಣ ಇರುವುದಿಲ್ಲ, ಕಣ್ಣು-ಮೂಗು ಇವೆ. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ನೊರೆ ಏಳುತ್ತಿದ್ದರೆ, ಬೇಗ ಹೊಗೆಯಾಡಿದರೆ, ಕಮಟು ವಾಸನೆ ಬಂದರೆ ಅದು ಕೆಟ್ಟಿದೆ. ಅದರ ಮೇಲೆ ಹೊಸ ಎಣ್ಣೆ ಸುರಿದರೆ ಹಳೆಯದು ಸರಿಹೋಗದು. ಅಂಗಡಿಯಲ್ಲಿ ಬಜ್ಜಿ ಹೇಳುವ ಮೊದಲು ಬಾಣಲೆ ಕಡೆ ಒಮ್ಮೆ ನೋಡಿ. ಮನೆಯಲ್ಲಿ ಒಮ್ಮೆ ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ಒಂದೆರಡು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ, ಮತ್ತೆ ಕರಿಯಲು ಬೇಡ. ಬಜ್ಜಿಯ ಜಿಡ್ಡು ಹೀರಲು ಹಳೆಯ ಪತ್ರಿಕೆಯೂ ಬೇಡ; ಬಿಸಿ ಎಣ್ಣೆಗೆ ಅದರ ಶಾಯಿ ಬಿಟ್ಟುಕೊಳ್ಳುತ್ತದೆ.