ಬಾಲಕರ ಕೈಗೆ ಯಾವ ಪುಸ್ತಕ?

ಅಕ್ಷರ ಕಲಿತ ಮಾತ್ರದಿಂದಲೇ ಮಗುವು ಓದುಗನಾಗುವುದಿಲ್ಲ. ಚಿತ್ರಗಳ ಆಸರೆಯಿಂದ ನಾಲ್ಕು ವಾಕ್ಯಗಳನ್ನೋದುವ ಶಿಶುವಿಗೂ ದೊಡ್ಡ ಕಾದಂಬರಿಯನ್ನೋದುವ ತರುಣನಿಗೂ ನಡುವೆ ತುಂಬಿದ ಹೊಳೆಯೊಂದಿದೆ. ಎಂಟರಿಂದ ಹನ್ನೊಂದು ವರ್ಷದವರಿಗಾಗಿ ಚಿಕ್ಕ ಚಿಕ್ಕ ಅಧ್ಯಾಯಗಳಾಗಿ ವಿಂಗಡಿಸಿ ಬರೆದ ಕಥಾಗ್ರಂಥವೇ ಅದನ್ನು ದಾಟಿಸುವ ದೋಣಿ. ನಿನ್ನೆ ನಿಲ್ಲಿಸಿದ ಕಥೆಯನ್ನು ನೆನಪಿನಲ್ಲಿಟ್ಟುಕೊಂಡು ಇಂದು ಮುಂದುವರಿಸುವ ಅಭ್ಯಾಸವು ಇಲ್ಲಿಯೇ ಬೆಳೆಯತಕ್ಕದ್ದು. ಈ ವಯಸ್ಸಿನಲ್ಲಿ ಕನ್ನಡದ ಓದನ್ನು ಬಿಟ್ಟವರಲ್ಲಿ ಮರಳಿ ಅದಕ್ಕೆ ಬರುವವರು ವಿರಳ.

ಕನ್ನಡದಲ್ಲಿ ಬಾಲಸಾಹಿತ್ಯವೇ ಇಲ್ಲವೆನ್ನುವುದು ಸರಿಯಲ್ಲ. ಪಂಜೆ ಮಂಗೇಶರಾಯರು ಹಾಕಿಕೊಟ್ಟ ಮೇಲ್ಪಂಕ್ತಿಯಿದೆ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ರಚಿಸಿಕೊಟ್ಟರು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರವನ್ನು ನೀಡುತ್ತಿದ್ದು, 2011ರಲ್ಲಿ ಅದು ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಎಂಬ ಮಕ್ಕಳ ಕಾದಂಬರಿಗೆ ಸಂದಿತು. ಕೊರತೆಯಿರುವುದು ಗ್ರಂಥಗಳಿಗಿಂತಲೂ ಹೆಚ್ಚಾಗಿ ನಮ್ಮ ಆಯ್ಕೆಯಲ್ಲಿ.

ಹಿರಿಯರಾದ ನಾವು ಪುಸ್ತಕವನ್ನು ಕೊಳ್ಳುವಾಗ ಮಗುವು ಓದಲೆಂದು ಕೊಳ್ಳುವುದಿಲ್ಲ. ಮಗುವು ತಿದ್ದಿಕೊಳ್ಳಲೆಂದು ಕೊಳ್ಳುತ್ತೇವೆ. ಕಥೆಯ ಕೊನೆಗೆ ನೀತಿಯಿದೆಯೇ, ರಟ್ಟು ಗಟ್ಟಿಯಾಗಿದೆಯೇ ಎಂದು ನೋಡಿ ತೃಪ್ತರಾಗುತ್ತೇವೆ. ಹೀಗೆ ಬಹುಮಾನವಾಗಿ ಬಂದ ಪುಸ್ತಕವು ಬೀರುವಿನಲ್ಲಿ ಹೊಸದಾಗಿಯೇ ಉಳಿದರೆ ಆಶ್ಚರ್ಯವೇನು?

ಪರೀಕ್ಷಿಸಬೇಕಾದ ಅಂಶಗಳು ಬೇರೆ. ಅಚ್ಚು ದೊಡ್ಡದಾಗಿದ್ದು ಸಾಲುಗಳ ನಡುವೆ ಎಡೆಯಿರಬೇಕು. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗುಲಿದರೆ ಎಳೆಯ ಕಣ್ಣು ದಣಿಯುತ್ತದೆ. ಅಧ್ಯಾಯವೊಂದು ಒಂದೇ ಕುಳಿತದಲ್ಲಿ ಮುಗಿಯುವಂತಿದ್ದು, ಮುಂದೇನಾಯಿತೆಂಬ ಕುತೂಹಲವನ್ನು ಉಳಿಸಬೇಕು. ನಡುವಿನ ಒಂದು ಪುಟವನ್ನು ಮಗುವಿನಿಂದಲೇ ಓದಿಸಿರಿ. ಅರಿಯದ ಪದಗಳು ಐದನ್ನು ಮೀರಿದರೆ ಆ ಪುಸ್ತಕವು ಇನ್ನೊಂದು ವರ್ಷ ಕಾಯಲಿ, ಅಥವಾ ಮನೆಯವರು ಓದಿಹೇಳಲಿ. ಧಾರವಾಡದ ಮಗುವಿಗೆ ಮಂಗಳೂರಿನ ಮಾತು ಮೊದಲು ತೊಡಕೆನಿಸಬಹುದು. ಕಥೆಯು ಸೊಗಸಾಗಿದ್ದರೆ ಆ ತೊಡಕೇ ಲಾಭವಾಗುತ್ತದೆ.

ಇದು ಮನೆವಾರ್ತೆಯ ಮಾತು ಮಾತ್ರವಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಶಾಸನದ ಮೇರೆಗೆ ನಗರವಾಸಿಗಳು ಮನೆಗಂದಾಯದೊಡನೆ ಗ್ರಂಥಾಲಯ ಕರವನ್ನೂ ತೆರುತ್ತಾರೆ. ಪುಸ್ತಕ ಕೊಳ್ಳುವ ಶಕ್ತಿಯಿಲ್ಲದ ಮನೆಯ ಮಗುವಿಗೆ ಆ ಹಣದಿಂದ ಬಂದ ಪುಸ್ತಕವೇ ಗತಿ. ಆದುದರಿಂದ ಅಧಿಕಾರಿಗಳು ಬೆಲೆಪಟ್ಟಿಯನ್ನು ನೋಡಿ ಸಹಿಮಾಡುವ ಮೊದಲು, ಮಾದರಿ ಪ್ರತಿಗಳನ್ನು ಒಂದೆರಡು ಶಾಲೆಗಳ ಬಾಲಕ ಬಾಲಿಕೆಯರ ಕೈಗೆ ಒಂದು ವಾರ ಕೊಟ್ಟು, ಯಾವುದು ಕೊನೆಯ ಪುಟದವರೆಗೆ ಓದಲ್ಪಟ್ಟಿತೆಂದು ವಿಚಾರಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. ಉಣ್ಣುವವರ ಹಸಿವನ್ನರಿಯದೆ ಬಡಿಸುವುದು ಸಂತರ್ಪಣೆಯೆನಿಸದು.