ಮೆಚ್ಚುವುದು ಬೇರೆ, ಪೂಜಿಸುವುದು ಬೇರೆ

ಮಂಡಗದ್ದೆ ಕಡೆಯ ಹಿರಿಯ ಭಕ್ತರೊಬ್ಬರು 2025ರ ಜನವರಿಯಲ್ಲಿ, ಅಡಿಕೆ ಸುಲಿತ ಮುಗಿದ ಮೇಲೆ, ಮೊಮ್ಮಗಳನ್ನು ಕರೆದುಕೊಂಡು ನಮ್ಮ ಮಠಕ್ಕೆ ಬಂದಿದ್ದರು. ಹುಡುಗಿ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಪಾದಕ್ಕೆ ನಮಸ್ಕರಿಸಿ ಎದ್ದವರೇ ಅಜ್ಜ ದೂರು ತೆಗೆದರು: "ಬುದ್ಧೀ, ಯಾರೋ ಇಂಗ್ಲೆಂಡಿನವನ ಹಾಡು ಕೇಳೋದಕ್ಕೆ ಇವಳು ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ತಗೊಂಡಿದ್ದಾಳೆ. ತಿಂಗಳಿಂದ ಅದರದೇ ಧ್ಯಾನ. ಹೋಗಬೇಡ ಅಂತ ತಾವೇ ಅಪ್ಪಣೆ ಕೊಡಿಸಬೇಕು."

ನಾವು ಹುಡುಗಿಯನ್ನು ಕೇಳಿದೆವು. ಗಾಯಕನ ಹೆಸರು ಎಡ್ ಶೀರನ್. ಫೆಬ್ರವರಿ 8 ಮತ್ತು 9ರಂದು ಬೆಂಗಳೂರಿನ ನೈಸ್ ಮೈದಾನದಲ್ಲಿ ಅವನ ಕಾರ್ಯಕ್ರಮ. ಹಾಡುಗಳನ್ನೆಲ್ಲ ಅವಳು ಬಾಯಿಪಾಠ ಮಾಡಿದ್ದಳು. ಜೊತೆಗೆ ಹೋಗುವವರು ಯಾರು, ಮರಳುವುದು ಹೇಗೆ ಎಂಬುದನ್ನೂ ಗೊತ್ತುಮಾಡಿಕೊಂಡಿದ್ದಳು. "ಅವನಲ್ಲಿ ಅಂಥದ್ದೇನಿದೆ ತಾಯಿ?" ಎಂದೆವು. ತುಸು ತಡೆದು ಹೇಳಿದಳು: "ಬುದ್ಧೀ, ಚಿಕ್ಕವನಿದ್ದಾಗ ಅವನಿಗೂ ಮಾತು ತೊದಲುತ್ತಿತ್ತು."

ಆಗ ನಮಗೆ ನೆನಪಾಯಿತು. ಈ ಮಗುವೂ ಎಳವೆಯಲ್ಲಿ ಮಾತಿಗೆ ತಡವರಿಸುತ್ತಿತ್ತು. ಶಾಲೆಗೆ ಹೋಗಲಾರೆನೆಂದು ಅಳುತ್ತಿತ್ತು. ಮಠದ ಪ್ರಾರ್ಥನೆಯಲ್ಲಿ ಹಾಡುವಾಗ ಮಾತ್ರ ನಾಲಿಗೆ ತಡೆಯುತ್ತಿರಲಿಲ್ಲ. ಅಜ್ಜನೂ ಸುಮ್ಮನಾದರು.

ಭಕ್ತರೇ, ನಾದಕ್ಕಾಗಿ ದೂರ ಹೋಗುವುದು ಇಂದಿನ ಮಕ್ಕಳು ಹೊಸದಾಗಿ ಕಲಿತ ಚಟವಲ್ಲ. ನಾವು ವಟುವಾಗಿದ್ದಾಗ ಪುಟ್ಟರಾಜ ಗವಾಯಿಗಳ ಗಾಯನ ಕೇಳಲೆಂದೇ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿದ್ದೆವು. ಹೋಗುವ ದಿನ ಗೊತ್ತಾದಂದಿನಿಂದ ನಿದ್ರೆ ಬಂದಿರಲಿಲ್ಲ. ಈ ಅಜ್ಜನೂ ಹರೆಯದಲ್ಲಿ ದೊಂದಿ ಹಿಡಿದು ಕಾಡುದಾರಿಯಲ್ಲಿ ನಡೆದು, ಬೆಳಗಾಗುವ ತನಕ ಯಕ್ಷಗಾನ ನೋಡಿ ಬಂದವರೇ. ಅಂದು ಅವರ ತಂದೆಯೂ ಬೈದಿರಬೇಕು! ಆದ್ದರಿಂದ ಹೋಗಬೇಡವೆಂದು ನಾವು ಅಪ್ಪಣೆ ಕೊಡಲಿಲ್ಲ. ತಡೆದರೆ ಮಕ್ಕಳು ಹೇಳದೆ ಹೋಗುತ್ತಾರೆ. ಹೇಳದೆ ಹೋದ ಮಗುವನ್ನು ಆಪತ್ತಿನ ಹೊತ್ತಿಗೆ ಎಲ್ಲಿ ಹುಡುಕುವುದು?

ಆದರೆ ಮೂರು ಮಾತು ಹೇಳಿ ಕಳಿಸಿದೆವು. ಮೊದಲನೆಯದು ಹಣದ ಮಾತು. ಸ್ವಂತ ದುಡಿಮೆಯ ಹಣವಾದರೆ ಸರಿ. ಸಾಲ ಮಾಡಿ ಸಂತೋಷ ಕೊಳ್ಳಬಾರದು. ಹಾಡು ಒಂದು ಸಂಜೆಗೆ ಮುಗಿಯುತ್ತದೆ, ಕಂತು ವರ್ಷವೆಲ್ಲ ಬೆನ್ನು ಹತ್ತುತ್ತದೆ.

ಎರಡನೆಯದು ಜನಸಂದಣಿಯ ಎಚ್ಚರ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯವೊಂದರ ಸಂಗೀತ ಕಾರ್ಯಕ್ರಮದಲ್ಲಿ ಮಳೆ ಬಂತೆಂದು ಜನ ಒಮ್ಮೆಲೇ ಒಳನುಗ್ಗಿ ನಾಲ್ವರು ಸತ್ತರು. ಅಂದು ಇದನ್ನು ಹೇಳುವಾಗ, ಅದೇ ವರ್ಷದ ಜೂನ್ 4ರಂದು ನಮ್ಮ ಬೆಂಗಳೂರಿನಲ್ಲೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವದ ನೂಕುನುಗ್ಗಲಿಗೆ 11 ಜೀವ ಹೋದೀತೆಂದು ಯಾರು ಎಣಿಸಿದ್ದರು? ಅವರು ಸಂತೋಷಪಡಲು ಹೋದ ಮಕ್ಕಳು. ಇಂಥಲ್ಲಿ ಎದೆ ಒತ್ತಿ ಉಸಿರು ಕಟ್ಟುವುದೇ ಸಾವಿಗೆ ಮುಖ್ಯ ಕಾರಣ. ಬೇಗ ಹೋಗಬೇಕು; ಹೊರಬರುವ ಇನ್ನೊಂದು ದಾರಿಯನ್ನು ಮೊದಲೇ ನೋಡಿಕೊಳ್ಳಬೇಕು. ಜನ ದಟ್ಟವಾಗುತ್ತಿದೆ ಎನಿಸಿದೊಡನೆ ಅಂಚಿಗೆ ಸರಿಯಬೇಕು. ಸಿಕ್ಕಿಕೊಂಡರೆ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಇಟ್ಟುಕೊಳ್ಳಬೇಕು. ಬಿದ್ದ ವಸ್ತುವಿಗೆ ಬಗ್ಗಬಾರದು. ಜಾತ್ರೆ, ತೇರಿಗೆ ಹೋಗುವವರಿಗೂ ಈ ಮಾತು ಸಲ್ಲುತ್ತದೆ.

ಮೂರನೆಯದು ಮನಸ್ಸಿನ ಮಾತು. ಇಂಥ ಗಾಯಕರನ್ನು ಅಭಿಮಾನಿಗಳು ಆರಾಧ್ಯದೈವ ಎನ್ನುತ್ತಾರೆ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವರಿಗೆ ದೈವವನ್ನು ವೇದಿಕೆಯ ಮೇಲೆ ಹುಡುಕುವ ಅಗತ್ಯವಿಲ್ಲ. ಕಲೆಯನ್ನು ಮೆಚ್ಚಬೇಕು, ಕಲಾವಿದನ ಶ್ರಮದಿಂದ ಕಲಿಯಬೇಕು. ಅವನು ನಮ್ಮಂತೆಯೇ ಮನುಷ್ಯ. ಫೆಬ್ರವರಿ 9ರಂದು ಅದೇ ಗಾಯಕ ಚರ್ಚ್ ಸ್ಟ್ರೀಟಿನ ಬದಿಯಲ್ಲಿ ಹಾಡಲು ನಿಂತಾಗ ಪೊಲೀಸರು ಧ್ವನಿವರ್ಧಕದ ತಂತಿ ಕಿತ್ತು ನಿಲ್ಲಿಸಿದರು. ಲೋಕವೇ ಕೊಂಡಾಡುವವನಿಗೂ ರಸ್ತೆಯ ಕಟ್ಟಳೆ ಒಂದೇ. ಮನುಷ್ಯನನ್ನು ದೇವರ ಪೀಠದಲ್ಲಿ ಕೂರಿಸಿದರೆ ಅವನು ಎಡವಿದ ದಿನ ನಾವೂ ಬೀಳುತ್ತೇವೆ.

ಹಿರಿಯರಿಗೂ ಒಂದು ಮಾತು. ಮಕ್ಕಳು ಪರದೇಶದ ಹಾಡಿಗೆ ಮನಸೋತರೆಂದು ಕೊರಗುವ ನಾವು, ಮನೆಯಲ್ಲಿ ವಚನ ಹಾಡಿ ಎಷ್ಟು ದಿನವಾಯಿತು? ಸಂಜೆಯ ದೀಪ ಹಚ್ಚಿದ ಮೇಲೆ ಟಿ.ವಿ. ಎದುರು ಕುಳಿತವರು ಯಾರು? ಕಿವಿಗೆ ಬೀಳದ ಹಾಡು ನಾಲಿಗೆಗೆ ಬರುವುದಿಲ್ಲ.

ಮಳೆಗಾಲ ಬಂತೆಂದರೆ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಿಗೆ ಬೆಳ್ಳಕ್ಕಿ, ನೀರುಕಾಗೆಗಳು ಬರುತ್ತವೆ. ಗೂಡು ಕಟ್ಟಿ, ಮರಿ ಬೆಳೆಸಿ, ಹಾರಿಹೋಗುತ್ತವೆ. ಯಾರೂ ಅವನ್ನು ಕಟ್ಟಿಹಾಕುವುದಿಲ್ಲ. ಮರ ಇರುವ ತನಕ ಮತ್ತೆ ಬರುತ್ತವೆ. ಮನೆಯೂ ಹಾಗೆ ಮರವಾಗಿ ನಿಲ್ಲಬೇಕು.

ಹುಡುಗಿ ಕ್ಷೇಮವಾಗಿ ಹೋಗಿಬಂದಳು. ಫೆಬ್ರವರಿ 26ರ ಶಿವರಾತ್ರಿಗೆ ಊರಿಗೆ ಬಂದವಳು ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹಾಡೊಂದನ್ನು ತಾನೇ ಹಾಡಿ ಕೇಳಿಸಿದಳಂತೆ. "ಹೇಗಿತ್ತು?" ಎಂದು ನಾವು ಅಜ್ಜನನ್ನು ಕೇಳಿದೆವು. "ಅರ್ಥ ಒಂದೂ ಆಗಲಿಲ್ಲ ಬುದ್ಧೀ. ಆದರೆ ಎಲ್ಲೂ ತಡವರಿಸಲಿಲ್ಲ" ಎಂದರು.

ಸರ್ವರಿಗೂ ಸನ್ಮಂಗಳವಾಗಲಿ.