ಸೂರ್ಯನಿಗೆ ಬಾಗಿಲು ಹಾಕಿ ಮೀಟರ್ ಓಡಿಸುವ ಬೆಳೆ

ಹೊಸೂರು ಸೀಮೆಯ ಹೂವಿನ ಬೆಳೆಗಾರರಿಗೆ ದೀಪದ ಕೃಷಿ ಹೊಸದಲ್ಲ. ಇರುಳು ಉದ್ದವಾದರೆ ಸೇವಂತಿಗೆ ಬೇಗ ಮೊಗ್ಗು ಕಟ್ಟುತ್ತದೆ. ಗಿಡ ಇನ್ನೂ ಎತ್ತರಕ್ಕೆ ಬರಲಿ ಅಂತ ರಾತ್ರಿ ಕೆಲವು ಗಂಟೆ ಬಲ್ಬು ಉರಿಸುತ್ತಾರೆ. ಇಲ್ಲಿ ದೀಪದ ಕೆಲಸ ಗಿಡಕ್ಕೆ ಹೊತ್ತು ತಿಳಿಸುವುದಷ್ಟೇ, ಊಟ ಹಾಕುವವನು ಹಗಲಿನ ಸೂರ್ಯನೇ. ಗಾಂಜಾ ಗಿಡದ ಸ್ವಭಾವವೂ ಇದೇ. ಆದರೆ ಅಮೆರಿಕದಲ್ಲಿ ಪರವಾನಗಿ ಪಡೆದು ಅದನ್ನು ಬೆಳೆಯುವ ಅನೇಕರು ಕಿಟಕಿಯೇ ಇಲ್ಲದ ಗೋದಾಮಿನಲ್ಲಿ ಬೆಳೆಯುತ್ತಾರೆ. ಅಲ್ಲಿ ಗಿಡದ ಊಟವೂ ಕರೆಂಟಿನಿಂದಲೇ.

ಅದಕ್ಕೆ ಎಷ್ಟು ಕರೆಂಟ್ ಬೇಕು? ಇವಾನ್ ಮಿಲ್ಸ್ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಆ ದೇಶದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇ. 1ರಷ್ಟು ಒಳಾಂಗಣ ಗಾಂಜಾ ಕೋಣೆಗಳಿಗೇ ಹೋಗುತ್ತಿತ್ತು. ಆಗ ಅದರಲ್ಲಿ ಬಹುಪಾಲು ಕದ್ದುಮುಚ್ಚಿ ಬೆಳೆದದ್ದು. ಕಾನೂನಿನ ಒಪ್ಪಿಗೆ ಸಿಕ್ಕ ಮೇಲೆ ರಾಜ್ಯಗಳು ಲಗಾಮು ಹುಡುಕತೊಡಗಿದವು. ಮ್ಯಾಸಚೂಸೆಟ್ಸ್ 2018ರಲ್ಲಿ ಬೆಳೆಯ ಚದರ ಅಡಿಗೆ 36 ವ್ಯಾಟ್ ದೀಪದ ಮಿತಿ ಹಾಕಿತು, ಸಣ್ಣ ಬೆಳೆಗಾರರಿಗೆ 50 ವ್ಯಾಟ್. 2019ರ ಕಾಯ್ದೆಯಲ್ಲಿ ಇಲಿನಾಯ್ ಕೂಡ 36ಕ್ಕೇ ನಿಂತಿತು. ಕ್ಯಾಲಿಫೋರ್ನಿಯಾ 2023ರಿಂದ ದೊಡ್ಡ ಕೋಣೆಗಳಿಗೆ ವ್ಯಾಟ್ ಎಣಿಸುವ ಬದಲು ದೀಪದ ದಕ್ಷತೆಗೇ ಕನಿಷ್ಠ ಮಟ್ಟ ಗೊತ್ತುಮಾಡಿತು.

36 ವ್ಯಾಟ್ ಅಂದರೆ ಕೇಳೋದಕ್ಕೆ ಸಣ್ಣದು. ಲೆಕ್ಕ ಹಾಕಿ ನೋಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ 3,600 ವ್ಯಾಟ್. ಹೂ ಬಿಡುವ ಕಾಲದಲ್ಲಿ ದಿನಕ್ಕೆ 12 ಗಂಟೆ ಉರಿಸಿದರೆ 43 ಯೂನಿಟ್. ತಮಿಳುನಾಡು ಸರ್ಕಾರ 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತ ಅಂತ ಜಾರಿಗೆ ತಂದಿತಲ್ಲ, ಅಷ್ಟನ್ನು ಈ ಕೋಣೆ ಎರಡೂವರೆ ದಿನದೊಳಗೆ ನುಂಗುತ್ತದೆ. ಅದೂ ಮಿತಿಯೊಳಗೇ ಇದ್ದುಕೊಂಡು!

ಇದು ಬರೀ ದೀಪದ ಲೆಕ್ಕ. ದೀಪ ಬಿಸಿ ಕಾರುತ್ತದೆ, ಅದನ್ನು ತಣಿಸಲು ಏಸಿ. ಗಿಡ ಕುಡಿದ ನೀರು ಎಲೆಯಿಂದ ಆವಿಯಾಗಿ ಕೋಣೆ ತುಂಬುತ್ತದೆ, ಬೂಷ್ಟು ಹಿಡಿಯದಂತೆ ಆ ತೇವ ಹೀರಲು ಇನ್ನೊಂದು ಯಂತ್ರ. ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದವರು 2021ರಲ್ಲಿ ಲೆಕ್ಕ ಹಾಕಿದಾಗ ಒಂದು ಕೆಜಿ ಒಣ ಹೂವಿಗೆ, ಊರಿನ ಹವೆಗೆ ತಕ್ಕಂತೆ, 2,283ರಿಂದ 5,184 ಕೆಜಿ ಇಂಗಾಲದ ಹೊರೆ ಬಂತು. ಅದರಲ್ಲಿ ದೊಡ್ಡ ಪಾಲು ಈ ಗಾಳಿ-ತಂಪು ಯಂತ್ರಗಳದ್ದು. ಹಾಗಿದ್ದ ಮೇಲೆ ದೀಪದ ವ್ಯಾಟ್ ಅಳೆದು ಸುಮ್ಮನಾದರೆ ಹೇಗೆ? ಎಲ್‌ಇಡಿ ಹಾಕಿದರೆ ಬಿಸಿಯೂ ಕಡಿಮೆ, ನಿಜ. ಆದರೂ ಅಳೆಯಬೇಕಾದ್ದು ಇಡೀ ಮೀಟರು, ಕೆಜಿಗೆ ಎಷ್ಟು ಯೂನಿಟ್ ಅಂತ. ಕೊಲರಾಡೋದ ಬೌಲ್ಡರ್ ಕೌಂಟಿ ಬೆಳೆಗಾರರು ಬಳಸಿದ ಪ್ರತಿ ಯೂನಿಟ್‌ಗೆ 2.16 ಸೆಂಟ್ ಶುಲ್ಕ ವಿಧಿಸಿದ್ದು ನನಗೆ ಇದಕ್ಕಿಂತ ನೇರವಾದ ದಾರಿಯಾಗಿ ಕಾಣುತ್ತದೆ.

ಬಯಲಲ್ಲಿ ಬೆಳೆಯುವ ಗಿಡವನ್ನು ಕೋಣೆಗೆ ಯಾಕೆ ತಳ್ಳಿದರು ಅನ್ನುವುದು ಇನ್ನೊಂದು ಪ್ರಶ್ನೆ. ಕೋಣೆಯಲ್ಲಿ ವರ್ಷಕ್ಕೆ ನಾಲ್ಕೈದು ಕೊಯ್ಲು, ಒಂದೇ ಸಮನಾದ ಹೂವು, ಕಳ್ಳರ ಭಯ ಕಡಿಮೆ, ಇದೆಲ್ಲಾ ಸರಿ. ಆದರೆ ಫೆಡರಲ್ ಕಾನೂನಿನ ಪ್ರಕಾರ ಈ ಮಾಲು ರಾಜ್ಯದ ಗಡಿ ದಾಟುವಂತಿಲ್ಲ. ಹಿಮ ಬೀಳುವ ಮ್ಯಾಸಚೂಸೆಟ್ಸ್ ತನಗೆ ಬೇಕಾದ್ದನ್ನು ತಾನೇ ಬೆಳೆಯಬೇಕು, ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಬೆಳೆದದ್ದು ಅಲ್ಲಿಗೆ ಹೋಗುವಂತಿಲ್ಲ. ಕಾಗದದ ಮೇಲಿನ ಒಂದು ಗೆರೆ ಏನೆಲ್ಲ ಮಾಡಿಸುತ್ತದೆ ಅಂತ ಗಡಿಯಲ್ಲಿರುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಕೈಯಲ್ಲಿ ಬಿಸಿಲಿಗೆ ಅಡ್ಡ ನಿಂತು ಇನ್ನೊಂದು ಕೈಯಲ್ಲಿ ವ್ಯಾಟ್ ಎಣಿಸುವುದು ವಿಚಿತ್ರವೇ.

ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಗಾಂಜಾ ಬೆಳೆಯುವುದು ಅಪರಾಧ. 2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ದೀಪದಡಿ ಬೆಳೆಸಿದ್ದ ಗಿಡಗಳನ್ನು ಪೊಲೀಸರು ಹಿಡಿದಿದ್ದರು. ಹಾಗಾಗಿ ಗಾಂಜಾ ಕೋಣೆಗೆ ಮಿತಿ ಹಾಕುವ ಮಾತು ಇಲ್ಲಿ ಬರುವುದಿಲ್ಲ. ಬರಬೇಕಾದ್ದು ಬೇರೆ ಬೆಳೆಗಳ ಮಾತು. ಮುಚ್ಚಿದ ಕೋಣೆಯಲ್ಲಿ ಕೇಸರಿ, ಅಡ್ಡಣಿಗೆಯ ಮೇಲೆ ಅಡ್ಡಣಿಗೆ ಇಟ್ಟು ಸೊಪ್ಪು ಬೆಳೆಯುವ ಉಮೇದು ನಮ್ಮ ದೇಶದಲ್ಲೂ ಶುರುವಾಗಿದೆ. ಇಂಥ ಕೋಣೆಗಳನ್ನೂ ಕೃಷಿ ಅಂತ ಕರೆದು ರಿಯಾಯಿತಿ ಕೇಳುವವರು ನಾಳೆ ಬಂದೇ ಬರುತ್ತಾರೆ. ಪಂಪ್‌ಸೆಟ್ ನಂಬಿದ ರೈತನ ಹೆಸರಿನಲ್ಲಿ ಏಸಿ ಓಡಬಾರದು. ಸೇವಂತಿಗೆಯವನ ನಾಲ್ಕು ಬಲ್ಬನ್ನೂ ಇದರ ಜೊತೆ ಕಟ್ಟಿ ದಂಡ ಹಾಕಬಾರದು. ವಿದ್ಯುತ್ ಮಂಡಳಿಯವರು ಇಂಥ ಕೋಣೆಗಳಿಗೆ ಸಂಪರ್ಕ ಕೊಡುವ ದಿನವೇ ಬೇರೆ ಮೀಟರ್ ಇಡಲಿ. ಕೆಜಿ ಬೆಳೆಗೆ ಎಷ್ಟು ಯೂನಿಟ್ ಅಂತ ವರ್ಷಕ್ಕೊಮ್ಮೆ ಬರೆಸಿಕೊಳ್ಳಲಿ. ಸಬ್ಸಿಡಿ ಅರ್ಜಿಯ ಜೊತೆ ಆ ಹಾಳೆಯನ್ನೂ ಕೇಳಲಿ.